ಬೆನ್ನುಮೂಳೆಯ ಶಸ್ತ್ರಕ್ರಿಯೆಯ ತರುವಾಯ: ಮಲ್ಟಿಪಲ್ ಮೈಲೋಮ ರೋಗಿಗಳಲ್ಲಿ ವಿಕಿರಣ ಚಿಕಿತ್ಸೆ



ಮಲ್ಟಿಪಲ್ ಮೈಲೋಮವೆಂಬ ವ್ಯಾಧಿಯಿಂದ ಬೆನ್ನುಮೂಳೆ ಕುಸಿದು ಶಸ್ತ್ರಕ್ರಿಯೆಗೆ ಒಳಗಾದ ರೋಗಿಗೆ ಆ ತರುವಾಯ ವಿಕಿರಣ ಚಿಕಿತ್ಸೆಯನ್ನು ಕೊಡಬೇಕೆ, ಕೊಡುವುದಾದರೆ ಎಂದು, ಎಷ್ಟು, ಯಾವ ಎಚ್ಚರಿಕೆಯೊಡನೆ ಎಂಬುದು ಇಂದಿನ ಉಪನ್ಯಾಸದ ವಿಷಯ. ಸಾರ್ವಜನಿಕ ಸಭೆಯೊಂದಕ್ಕೆ ಇದು ತೀರ ಸಂಕುಚಿತವಾದ ವಿಷಯವಲ್ಲವೆ, ವೈದ್ಯರು ತಮ್ಮತಮ್ಮೊಳಗೆ ಚರ್ಚಿಸಿ ತೀರ್ಮಾನಿಸಿಕೊಳ್ಳಬೇಕಾದುದಲ್ಲವೆ ಎಂದು ಕೆಲವರಿಗೆ ತೋರಬಹುದು. ಆದರೆ ನನ್ನ ವೃತ್ತಿಜೀವನವೆಲ್ಲ ವಿಕಿರಣ ಚಿಕಿತ್ಸೆಯ ವಿಭಾಗದಲ್ಲಿಯೇ ಕಳೆದಿರುವುದರಿಂದ, ಈ ರೋಗಿಗಳು ಹೆಚ್ಚಾಗಿ ಕೈತಪ್ಪಿಹೋಗುವುದು ಶಸ್ತ್ರಕ್ರಿಯೆಯ ಮೇಜಿನ ಮೇಲೂ ಅಲ್ಲ, ವಿಕಿರಣದ ಯಂತ್ರದ ಕೆಳಗೂ ಅಲ್ಲ, ಇವೆರಡರ ನಡುವೆ ಬೀಳುವ ಕೆಲವೇ ವಾರಗಳ ಅಂತರದಲ್ಲಿ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಅಂತರದಲ್ಲಿ ರೋಗಿಯ ಪಕ್ಕದಲ್ಲಿರುವವರು ವೈದ್ಯರಲ್ಲ, ಮನೆಯವರು. ಆದಕಾರಣ ಮನೆಯವರಿಗೆ ತಿಳಿದಿರಲೇಬೇಕಾದ ವಿಷಯವಿದು.

ಮೊದಲು ರೋಗದ ಸ್ವರೂಪವನ್ನು ಅರಿಯಬೇಕು. ನಮ್ಮ ಎಲುಬುಗಳ ಒಳಗಿನ ಮಜ್ಜೆಯಲ್ಲಿ ಪ್ಲಾಸ್ಮಾ ಕೋಶಗಳೆಂಬ ಕೋಶಗಳು ವಾಸಿಸುತ್ತವೆ. ರೋಗಾಣುಗಳನ್ನು ಎದುರಿಸತಕ್ಕ ಪ್ರತಿಕಾಯಗಳನ್ನು ತಯಾರಿಸುವುದು ಅವುಗಳ ನಿಯತವಾದ ಕಾರ್ಯ. ಇವುಗಳಲ್ಲಿ ಒಂದು ಕೋಶದ ಸಂತತಿಯು ಅಂಕೆಮೀರಿ ಬೆಳೆದು, ಒಂದೇ ಬಗೆಯ ನಿರುಪಯುಕ್ತವಾದ ಪ್ರೋಟೀನನ್ನು ರಕ್ತಕ್ಕೆ ಸುರಿಯುತ್ತ, ಮಜ್ಜೆಯಲ್ಲಿನ ಉಳಿದ ಕೋಶಗಳಿಗೆ ಎಡೆಯಿಲ್ಲದಂತೆ ಮಾಡಿದಾಗ ಮೈಲೋಮ ಉಂಟಾಗುತ್ತದೆ. ರಕ್ತಹೀನತೆ, ಮೂತ್ರಪಿಂಡಗಳ ವೈಫಲ್ಯ, ರಕ್ತದಲ್ಲಿ ಸುಣ್ಣದ ಅಂಶ ಏರುವುದು, ಎಲುಬು ಕರಗುವುದು ಇವು ನಾಲ್ಕು ಅದರ ಪ್ರಧಾನ ಲಕ್ಷಣಗಳು. ಎಲುಬು ಕರಗುವ ಕ್ರಮವು ವಿಚಾರಾರ್ಹವಾದುದು. ಆರೋಗ್ಯವಂತನ ದೇಹದಲ್ಲಿ ಎಲುಬನ್ನು ಕರಗಿಸುವ ಕೋಶಗಳೂ ಕಟ್ಟುವ ಕೋಶಗಳೂ ಪರಸ್ಪರ ಅಳತೆಯರಿತು ಕೆಲಸಮಾಡುತ್ತಿರುತ್ತವೆ. ಮೈಲೋಮವು ಕರಗಿಸುವ ಕೋಶಗಳನ್ನು ಉದ್ರೇಕಿಸುವುದಲ್ಲದೆ ಕಟ್ಟುವ ಕೋಶಗಳನ್ನು ಸ್ತಬ್ಧಗೊಳಿಸಿಬಿಡುತ್ತದೆ. ಇತರ ಕ್ಯಾನ್ಸರುಗಳು ಎಲುಬಿಗೆ ಹರಡಿದಾಗ ಅಲ್ಲಿ ಸ್ವಲ್ಪವಾದರೂ ಹೊಸ ಎಲುಬು ಹುಟ್ಟುವ ಪ್ರಯತ್ನ ನಡೆಯುವುದುಂಟು. ಇಲ್ಲಿ ಅದೂ ಇಲ್ಲ. ಹೀಗಾಗಿಯೇ, ಹೊಸ ಎಲುಬಿನ ಚಟುವಟಿಕೆಯನ್ನು ಹಿಡಿದು ತೋರಿಸುವ ಸಾಮಾನ್ಯವಾದ ಬೋನ್ ಸ್ಕ್ಯಾನ್ ಪರೀಕ್ಷೆಯು ಮೈಲೋಮದಲ್ಲಿ ಅನೇಕ ವೇಳೆ ಏನೂ ಇಲ್ಲವೆಂದು ಹೇಳಿ ನಮ್ಮನ್ನು ವಂಚಿಸುತ್ತದೆ.

ಈ ರೋಗವು ವೈದ್ಯಶಾಸ್ತ್ರದ ಗಮನಕ್ಕೆ ಬಂದದ್ದೇ ಎಲುಬಿನ ನೋವಿನ ಮೂಲಕ. 1844ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಸ್ಯಾಮ್ಯುಯೆಲ್ ಸಾಲಿಯು ಸಾರಾ ನ್ಯೂಬರಿ ಎಂಬ 39 ವರ್ಷದ ಹೆಂಗಸಿನ ವೃತ್ತಾಂತವನ್ನು ಪ್ರಕಟಿಸಿದನು. ಆಕೆಯ ತೊಡೆಯೆಲುಬುಗಳು ಮುರಿದಿದ್ದವು, ಮರಣಾನಂತರ ನೋಡಿದಾಗ ಎಲುಬಿನೊಳಗೆ ಕೆಂಪು ಪದಾರ್ಥವೊಂದು ತುಂಬಿಕೊಂಡಿತ್ತು. ಅದೇ ನಗರದಲ್ಲಿ ಥಾಮಸ್ ಮ್ಯಾಕ್‌ಬೀನ್ ಎಂಬ ವರ್ತಕನು ಎದೆಯಲ್ಲಿಯೂ ಬೆನ್ನಿನಲ್ಲಿಯೂ ಅಸಹನೀಯವಾದ ನೋವಿನಿಂದ ನರಳುತ್ತಿದ್ದಾಗ, ಅವನ ವೈದ್ಯರಾದ ವಿಲಿಯಂ ಮ್ಯಾಕಿಂಟೈರ್ ಮತ್ತು ಥಾಮಸ್ ವ್ಯಾಟ್ಸನ್ ಇವರು 1845ರ ನವೆಂಬರಿನಲ್ಲಿ ಅವನ ಮೂತ್ರವನ್ನು ಹೆನ್ರಿ ಬೆನ್ಸ್ ಜೋನ್ಸ್ ಎಂಬ ರಸಾಯನಜ್ಞ ವೈದ್ಯನಿಗೆ ಕಳುಹಿಸಿ, ಅದರಲ್ಲಿರುವ ವಿಚಿತ್ರವಾದ ಪದಾರ್ಥವೇನೆಂದು ಪರೀಕ್ಷಿಸಬೇಕೆಂದು ಕೇಳಿಕೊಂಡರು. ಕುದಿಸಿದರೆ ಕರಗಿ, ಆರಿದರೆ ಮತ್ತೆ ಗರಣೆಗಟ್ಟುತ್ತಿದ್ದ ಆ ಪ್ರೋಟೀನು ಇಂದಿಗೂ ಬೆನ್ಸ್ ಜೋನ್ಸನ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಮ್ಯಾಕ್‌ಬೀನನು 1846ರ ಜನವರಿ 1ರಂದು ತೀರಿಕೊಂಡನು. ರೋಗಕ್ಕೆ ಈಗಿನ ಹೆಸರನ್ನಿತ್ತವನು 1873ರಲ್ಲಿ ರುಸ್ಟಿಜ್ಕಿ. 1889ರಲ್ಲಿ ಓಟೋ ಕಾಲರ್ ಅದರ ವಿಶದವಾದ ವಿವರಣೆಯನ್ನು ಕೊಟ್ಟನು. ನ್ಯೂಬರಿ, ಮ್ಯಾಕ್‌ಬೀನ್ ಎಂಬ ಈ ಇಬ್ಬರು ರೋಗಿಗಳ ಸಂಕಟವನ್ನು ಶಮನಗೊಳಿಸಲು ಅಂದಿನ ವೈದ್ಯರ ಬಳಿ ಹೆಚ್ಚೇನೂ ಇರಲಿಲ್ಲ. ರಾಂಟ್‌ಗನ್ ಕ್ಷಕಿರಣವನ್ನು ಕಂಡುಹಿಡಿದದ್ದು 1895ರ ನವೆಂಬರ್ 8ರಂದು, ಮ್ಯಾಕ್‌ಬೀನನು ತೀರಿಕೊಂಡು ಅರ್ಧ ಶತಮಾನ ತುಂಬುವ ಹೊತ್ತಿಗೆ.

ಬೆನ್ನುಮೂಳೆಯೇ ಈ ರೋಗಕ್ಕೆ ಬಹುವಾಗಿ ಏಕೆ ಗುರಿಯಾಗುತ್ತದೆಂದರೆ, ವಯಸ್ಕರಲ್ಲಿ ಕೈಕಾಲುಗಳ ನೀಳವಾದ ಎಲುಬುಗಳ ಮಜ್ಜೆಯು ಬಹುಮಟ್ಟಿಗೆ ಕೊಬ್ಬಾಗಿ ಪರಿಣಮಿಸಿದ್ದು, ಜೀವಂತವಾದ ಕೆಂಪು ಮಜ್ಜೆಯು ಬೆನ್ನುಮೂಳೆಯ ಬಿಡಿ ಎಲುಬುಗಳಾದ ಕಶೇರುಕಗಳಲ್ಲಿಯೂ ಸೊಂಟದ ಎಲುಬಿನಲ್ಲಿಯೂ ಪಕ್ಕೆಲುಬುಗಳಲ್ಲಿಯೂ ಮುಖ್ಯವಾಗಿ ಉಳಿದಿರುತ್ತದೆ. ಮಜ್ಜೆ ಇರುವೆಡೆಯಲ್ಲಿ ರೋಗ. ದೇಹದ ಭಾರ ಬೀಳುವುದೂ ಅಲ್ಲಿಯೇ. ಒಳಗೆ ಟೊಳ್ಳಾದ ಕಶೇರುಕವು ಒಂದು ದಿನ, ಬಾವಿಯಿಂದ ಕೊಡವನ್ನೆತ್ತುವಾಗಲೋ ಬಸ್ಸು ಹಳ್ಳಕ್ಕೆ ಬಿದ್ದು ಕುಲುಕಿದಾಗಲೋ, ಅಷ್ಟಕ್ಕೇ ಕುಸಿಯುತ್ತದೆ. ಕುಸಿದ ಎಲುಬಿನ ಚೂರಾಗಲಿ, ಎಲುಬನ್ನು ಭೇದಿಸಿ ಹೊರಚಾಚಿದ ಗಡ್ಡೆಯಾಗಲಿ ಹಿಂದಿರುವ ಬೆನ್ನುಹುರಿಯನ್ನು ಒತ್ತಿದರೆ ಕಾಲುಗಳ ಶಕ್ತಿ ಕುಂದಿ, ಮಲಮೂತ್ರಗಳ ಹಿಡಿತ ತಪ್ಪುತ್ತದೆ. ಕಾಲು ಪೂರ್ಣವಾಗಿ ಬಿದ್ದುಹೋದ ಮೇಲೆ ಬಂದವನನ್ನು ಮತ್ತೆ ನಡೆಯಿಸುವುದು ದುಸ್ಸಾಧ್ಯ. ಇನ್ನೂ ನಡೆಯಬಲ್ಲ ಸ್ಥಿತಿಯಲ್ಲಿ ಬಂದವನನ್ನು ನಡೆಯುತ್ತಿರುವಂತೆಯೇ ಉಳಿಸುವುದು ಬಹುಪಾಲು ಸಾಧ್ಯ. ಈ ಒಂದು ವ್ಯತ್ಯಾಸದ ಮೇಲೆ ರೋಗಿಯ ಉಳಿದ ಆಯುಸ್ಸಿನ ಸ್ವರೂಪವೆಲ್ಲ ನಿಂತಿದೆ.

ನಮ್ಮ ದೇಶದಲ್ಲಿ ಇದಕ್ಕೆ ಮತ್ತೊಂದು ತೊಡಕು ಸೇರಿಕೊಂಡಿದೆ. ಬೆನ್ನುಮೂಳೆಯ ಕ್ಷಯವು ಇಲ್ಲಿ ಅಪರೂಪವಲ್ಲವಾದ್ದರಿಂದ, ಬೆನ್ನು ನೋವು, ತೂಕದ ಇಳಿತ, ಏರಿದ ಇ.ಎಸ್.ಆರ್., ಕ್ಷಕಿರಣದ ಚಿತ್ರದಲ್ಲಿ ಕುಸಿದ ಕಶೇರುಕ ಇಷ್ಟನ್ನು ಕಂಡೊಡನೆಯೇ ಟಿ.ಬಿ. ಎಂದು ನಿಶ್ಚಯಿಸಿ, ಮಾದರಿಯನ್ನು ತೆಗೆದು ಪರೀಕ್ಷಿಸದೆ ತಿಂಗಳುಗಟ್ಟಲೆ ಮಾತ್ರೆ ಕೊಟ್ಟ ಪ್ರಸಂಗಗಳು ಉಂಟು. ಕ್ಷಯವು ಸಾಮಾನ್ಯವಾಗಿ ಎರಡು ಕಶೇರುಕಗಳ ನಡುವಿನ ಡಿಸ್ಕನ್ನೂ ತಿಂದುಹಾಕುತ್ತದೆ. ಮೈಲೋಮವು ಎಲುಬನ್ನು ತಿಂದರೂ ಡಿಸ್ಕನ್ನು ಬಹುಮಟ್ಟಿಗೆ ಹಾಗೆಯೇ ಬಿಡುತ್ತದೆ. ಐವತ್ತು ದಾಟಿದವರಲ್ಲಿ ಬೆನ್ನು ನೋವಿನ ಜೊತೆಗೆ ಹಿಮೋಗ್ಲೋಬಿನ್ ಇಳಿದು ಕ್ರಿಯಾಟಿನಿನ್ ಏರಿದ್ದರೆ, ಸೀರಮ್ ಪ್ರೋಟೀನ್ ಎಲೆಕ್ಟ್ರೋಫೊರೆಸಿಸ್ ಎಂಬ ರಕ್ತಪರೀಕ್ಷೆಯನ್ನೂ ಲೈಟ್ ಚೈನ್ ಪರೀಕ್ಷೆಯನ್ನೂ ಮಾಡಿಸದೆ ಇರಕೂಡದು. ಬೆನ್ನು ನೋವಿಗೆಂದು ಅಂಗಡಿಯಿಂದ ತಂದು ನುಂಗುವ ನೋವಿನ ಮಾತ್ರೆಗಳಲ್ಲಿ ಅನೇಕವು ಮೊದಲೇ ಬಳಲಿರುವ ಮೂತ್ರಪಿಂಡಗಳನ್ನು ಪೂರ್ಣವಾಗಿ ಕೆಡಿಸಿಬಿಡುತ್ತವೆಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ.

ಇನ್ನು ಶಸ್ತ್ರಕ್ರಿಯೆಯ ವಿಚಾರ. ಬೆನ್ನುಹುರಿಯ ಮೇಲೆ ಕ್ಯಾನ್ಸರಿನ ಒತ್ತಡ ಬಿದ್ದಾಗ ಶಸ್ತ್ರಕ್ರಿಯೆ ಮೇಲೋ ಬರಿಯ ವಿಕಿರಣ ಮೇಲೋ ಎಂಬ ವಿವಾದಕ್ಕೆ ಒಂದು ನೆಲೆಯನ್ನು ಕೊಟ್ಟದ್ದು ಅಮೆರಿಕದ ಪ್ಯಾಚೆಲ್ ಮತ್ತು ಸಂಗಡಿಗರು 2005ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ ಪರೀಕ್ಷಾಪ್ರಯೋಗ. ಅದರಲ್ಲಿ 101 ಮಂದಿ ರೋಗಿಗಳನ್ನು ಎರಡು ಗುಂಪುಗಳಾಗಿ ಹಂಚಿ, ಒಂದು ಗುಂಪಿಗೆ ಶಸ್ತ್ರಕ್ರಿಯೆಯನ್ನೂ ಅದರ ತರುವಾಯ ವಿಕಿರಣವನ್ನೂ, ಮತ್ತೊಂದು ಗುಂಪಿಗೆ ವಿಕಿರಣವನ್ನು ಮಾತ್ರ ಕೊಟ್ಟರು. ಮೊದಲನೆಯ ಗುಂಪಿನಲ್ಲಿ ಶೇಕಡಾ 84 ಮಂದಿಯೂ ಎರಡನೆಯದರಲ್ಲಿ ಶೇಕಡಾ 57 ಮಂದಿಯೂ ಚಿಕಿತ್ಸೆಯ ಬಳಿಕ ನಡೆಯಬಲ್ಲವರಾಗಿದ್ದರು. ನಡೆಯುವ ಶಕ್ತಿ ಉಳಿದ ಕಾಲದ ಮಧ್ಯಮಾನವು ಮೊದಲನೆಯದರಲ್ಲಿ 122 ದಿನ, ಎರಡನೆಯದರಲ್ಲಿ 13 ದಿನ. ಈ ಅಂಕಿಗಳನ್ನು ನೋಡಿ ಮೈಲೋಮ ರೋಗಿಗಳಿಗೂ ಒಡನೆಯೇ ಶಸ್ತ್ರಕ್ರಿಯೆಯೇ ಆಗತಕ್ಕದ್ದೆಂದು ವಾದಿಸುವವರನ್ನು ನಾನು ಬಲ್ಲೆ. ಆದರೆ ಆ ಪ್ರಯೋಗವನ್ನು ಆದ್ಯಂತವಾಗಿ ಓದಿದವರಿಗೆ ತಿಳಿಯುವ ಸಂಗತಿಯೆಂದರೆ, ಮೈಲೋಮ, ಲಿಂಫೋಮಗಳಂತಹ ವಿಕಿರಣಕ್ಕೆ ಸುಲಭವಾಗಿ ಕರಗತಕ್ಕ ರೋಗಗಳನ್ನು ಅದರಿಂದ ಉದ್ದೇಶಪೂರ್ವಕವಾಗಿಯೇ ಹೊರಗಿಟ್ಟಿದ್ದರು. ಹೊರಗಿಟ್ಟವರ ಮೇಲೆ ಅದರ ತೀರ್ಪನ್ನು ಹೇರುವುದು ನ್ಯಾಯವಲ್ಲ.

ಮೈಲೋಮದ ಗಡ್ಡೆಯು ಮೃದುವಾದುದು, ಸ್ಟೆರಾಯ್ಡಿಗೂ ಔಷಧಿಗಳಿಗೂ ವಿಕಿರಣಕ್ಕೂ ಬೇಗನೆ ಮಣಿಯತಕ್ಕದ್ದು. ಬೆನ್ನುಹುರಿಯನ್ನು ಒತ್ತುತ್ತಿರುವುದು ಗಡ್ಡೆ ಮಾತ್ರವೇ ಆಗಿದ್ದು ಬೆನ್ನುಗಂಬವು ಸ್ಥಿರವಾಗಿದ್ದರೆ, ಡೆಕ್ಸಾಮೆಥಸೋನೆಂಬ ಸ್ಟೆರಾಯ್ಡನ್ನೂ ವಿಕಿರಣವನ್ನೂ ಕೂಡಲೇ ಆರಂಭಿಸಿ, ಕತ್ತಿಯನ್ನು ಮುಟ್ಟದೆಯೇ ಅನೇಕರನ್ನು ಕಾಪಾಡಬಹುದು. ಶಸ್ತ್ರಕ್ರಿಯೆಯು ಅನಿವಾರ್ಯವಾಗುವುದು ಒತ್ತುತ್ತಿರುವುದು ಎಲುಬಿನ ಚೂರಾದಾಗ, ಅಥವಾ ಕಶೇರುಕವು ಕುಸಿದು ಬೆನ್ನುಗಂಬವೇ ಅಸ್ಥಿರವಾದಾಗ. ಏಕೆಂದರೆ ವಿಕಿರಣವು ಕೋಶಗಳನ್ನು ಕೊಲ್ಲಬಲ್ಲುದೇ ಹೊರತು ಎಲುಬಿನ ಚೂರನ್ನು ಸ್ವಸ್ಥಾನಕ್ಕೆ ಸರಿಸಲಾರದು. ಈ ಅಸ್ಥಿರತೆಯನ್ನು ಅಳೆಯಲು 2010ರಿಂದ ಸಿನ್ಸ್ ಎಂಬ ಅಂಕಪದ್ಧತಿಯೊಂದು ಬಳಕೆಯಲ್ಲಿದೆ; ಕಶೇರುಕದ ಸ್ಥಾನ, ನೋವಿನ ಬಗೆ, ಕುಸಿತದ ಪ್ರಮಾಣ, ಬಾಗು ಮೊದಲಾದುವಕ್ಕೆ ಅಂಕಗಳನ್ನಿತ್ತು ಕೂಡಿದಾಗ 6ರ ವರೆಗೆ ಬಂದರೆ ಸ್ಥಿರ, 13 ಮತ್ತು ಅದಕ್ಕೆ ಮೇಲಾದರೆ ಅಸ್ಥಿರ, ನಡುವಣದು ಸಂದಿಗ್ಧ. ಹುರಿಯ ಮೇಲೆ ಒತ್ತಡವಿಲ್ಲದೆ ಕುಸಿತದ ನೋವು ಮಾತ್ರವಿದ್ದಲ್ಲಿ ಸೂಜಿಯ ಮೂಲಕ ಕಶೇರುಕದೊಳಗೆ ಸಿಮೆಂಟನ್ನು ತುಂಬುವ ವರ್ಟೆಬ್ರೊಪ್ಲಾಸ್ಟಿ, ಕೈಫೊಪ್ಲಾಸ್ಟಿಗಳು ಸಾಕಾಗಬಹುದು. ಒತ್ತಡವೂ ಅಸ್ಥಿರತೆಯೂ ಕೂಡಿದ್ದಲ್ಲಿ ಹುರಿಯ ಸುತ್ತ ಎಡೆಮಾಡಿ, ಮೇಲಿನ ಮತ್ತು ಕೆಳಗಿನ ಗಟ್ಟಿ ಕಶೇರುಕಗಳಿಗೆ ಸ್ಕ್ರೂಗಳನ್ನು ತಿರುಪಿ ರಾಡುಗಳಿಂದ ಬಿಗಿಯುತ್ತಾರೆ.

ಇಷ್ಟು ಮಾಡಿದ ಮೇಲೆಯೂ ವಿಕಿರಣವೇಕೆ ಎಂಬುದೇ ಎಲ್ಲರೂ ಕೇಳುವ ಪ್ರಶ್ನೆ. ಗೆದ್ದಲು ಹಿಡಿದ ತೊಲೆಯು ಬಾಗಿದಾಗ ಕೆಳಗಿನಿಂದ ಆನಿಕೆ ಕೊಟ್ಟು ಮಾಡನ್ನು ನಿಲ್ಲಿಸುವುದು ಬುದ್ಧಿವಂತಿಕೆಯೇ ಸರಿ. ಆದರೆ ಆನಿಕೆಯಿಂದ ಗೆದ್ದಲು ಸಾಯುವುದಿಲ್ಲ, ಅದು ತೊಲೆಯ ಉಳಿದ ಭಾಗವನ್ನು ತಿಂದು ಆನಿಕೆ ನಿಂತ ಎಡೆಗೂ ಬರುತ್ತದೆ. ಶಸ್ತ್ರವೈದ್ಯನು ಹುರಿಗೆ ಎಡೆಮಾಡಿಕೊಡುವಷ್ಟು ಗಡ್ಡೆಯನ್ನು ತೆಗೆಯುತ್ತಾನೆ. ಕಣ್ಣಿಗೆ ಕಾಣದ ಕೋಶಗಳು ಕಶೇರುಕದಲ್ಲಿಯೂ ಹುರಿಯ ಪೊರೆಯ ಆಸುಪಾಸಿನಲ್ಲಿಯೂ ಉಳಿದೇ ಇರುತ್ತವೆ. ಅವು ಮತ್ತೆ ಬೆಳೆದರೆ ಒತ್ತಡ ಮರುಕಳಿಸುವುದು ಮಾತ್ರವಲ್ಲ, ಸ್ಕ್ರೂಗಳು ಹಿಡಿದಿರುವ ಎಲುಬೂ ಸಡಿಲವಾಗಿ ಕಟ್ಟಿದ್ದೆಲ್ಲ ಕಳಚಿಕೊಳ್ಳುತ್ತದೆ. ಆ ಎಡೆಯಲ್ಲಿ ಉಳಿದುದನ್ನು ತೀರಿಸುವುದು ಶಸ್ತ್ರಕ್ರಿಯೆಯ ತರುವಾಯದ ವಿಕಿರಣದ ಮೊದಲನೆಯ ಉದ್ದೇಶ. ನೋವನ್ನು ಶಮನಗೊಳಿಸುವುದು ಎರಡನೆಯದು. ಕರಗಿದ ಎಲುಬಿನಲ್ಲಿ ಸುಣ್ಣವು ಮತ್ತೆ ಕೂಡುವುದಕ್ಕೆ ಅವಕಾಶವನ್ನು ಕಲ್ಪಿಸುವುದು ಮೂರನೆಯದು, ಇದಕ್ಕೆ ತಿಂಗಳುಗಳೇ ಬೇಕು.

ಎಷ್ಟು ವಿಕಿರಣ? ಅದರ ಪ್ರಮಾಣವನ್ನು ಗ್ರೇ ಎಂಬ ಏಕಮಾನದಿಂದ ಅಳೆಯುತ್ತೇವೆ. ಕಿಲೋಗ್ರಾಂ ಒಂದಕ್ಕೆ ಒಂದು ಜೌಲಿನಷ್ಟು ಶಕ್ತಿ ಹೀರಲ್ಪಟ್ಟರೆ ಅದು ಒಂದು ಗ್ರೇ. ಗಂಟಲು, ಗರ್ಭಕೊರಳು ಮೊದಲಾದ ಕ್ಯಾನ್ಸರುಗಳನ್ನು ನಿರ್ಮೂಲಗೊಳಿಸಲು 60, 70 ಗ್ರೇಗಳ ವರೆಗೆ ಹೋಗಬೇಕಾಗುವಲ್ಲಿ, ಮೈಲೋಮಕ್ಕೆ ಅದರ ಅರ್ಧವೇ ಸಾಕಾಗುತ್ತದೆ. ಲಿಂಫೋಮ ಮತ್ತು ಮೈಲೋಮಗಳ ವಿಕಿರಣ ತಜ್ಞರ ಅಂತಾರಾಷ್ಟ್ರೀಯ ಮಂಡಲಿಯು 2018ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ, ಬರಿಯ ನೋವಿಗಾದರೆ ಒಂದೇ ಸಲಕ್ಕೆ 8 ಗ್ರೇ ಅಥವಾ ಕೆಲವು ಕಂತುಗಳಲ್ಲಿ 20ರಿಂದ 30 ಗ್ರೇ; ಬೆನ್ನುಹುರಿಯ ಒತ್ತಡವಿದ್ದಲ್ಲಿ 10ರಿಂದ 15 ಕಂತುಗಳಲ್ಲಿ 30 ಗ್ರೇ. ಬೆನ್ನುಹುರಿಯು ಸಾಧಾರಣ ಕಂತುಗಳಲ್ಲಿ 45ರಿಂದ 50 ಗ್ರೇಗಳ ವರೆಗೆ ತಾಳಿಕೊಳ್ಳಬಲ್ಲುದಾದ್ದರಿಂದ, ಇಷ್ಟರಿಂದ ಹುರಿಗೆ ಕೇಡಾದೀತೆಂಬ ಭಯಕ್ಕೆ ಕಾರಣವಿಲ್ಲ.

ಇದಕ್ಕೆ ಒಂದು ಮುಖ್ಯವಾದ ಅಪವಾದವುಂಟು. ಕೆಲವರಲ್ಲಿ ರೋಗವು ಒಂದೇ ಒಂದು ಕಶೇರುಕದಲ್ಲಿ ಗಡ್ಡೆಯಾಗಿ ನಿಂತಿದ್ದು, ಮಜ್ಜೆಯ ಪರೀಕ್ಷೆಯಲ್ಲಿಯೂ ಇಡೀ ದೇಹದ ಚಿತ್ರಗಳಲ್ಲಿಯೂ ಬೇರೆಲ್ಲಿಯೂ ಕಾಣಬರುವುದಿಲ್ಲ. ಇದಕ್ಕೆ ಒಂಟಿ ಪ್ಲಾಸ್ಮಾಸೈಟೋಮ ಎಂದು ಹೆಸರು. ಇಲ್ಲಿ ವಿಕಿರಣವು ಉಪಶಮನಕ್ಕಲ್ಲ, ಪೂರ್ಣ ಗುಣದ ಆಶಯದಿಂದ 40ರಿಂದ 50 ಗ್ರೇಗಳಷ್ಟು ಕೊಡತಕ್ಕದ್ದು. ಶಸ್ತ್ರವೈದ್ಯನು ಗಡ್ಡೆಯನ್ನೆಲ್ಲ ತೆಗೆದೆನೆಂದು ಹೇಳಿದರೂ ಇದನ್ನು ಬಿಡುವಂತಿಲ್ಲ. ಇವರಲ್ಲಿ ಸುಮಾರು ಅರ್ಧದಷ್ಟು ಮಂದಿಗಾದರೂ ಹತ್ತು ವರ್ಷಗಳೊಳಗೆ ಮೈಲೋಮವು ಕಾಣಿಸಿಕೊಳ್ಳುತ್ತದಾದರೂ, ಚಿಕಿತ್ಸೆಗೊಂಡ ಆ ಕಶೇರುಕದಲ್ಲಿ ರೋಗವು ಮರಳುವುದು ವಿರಳ.

ಈಗ ಕಾಲದ ವಿಚಾರಕ್ಕೆ ಬರುತ್ತೇನೆ. ನನ್ನ ಮಾತಿನ ಭಾರವೆಲ್ಲ ಇಲ್ಲಿದೆ. ಹೊಸ ಗಾಯದ ಮೇಲೆ ವಿಕಿರಣ ಬಿದ್ದರೆ ಗಾಯವು ಬೇಗನೆ ಕೂಡಿಕೊಳ್ಳುವುದಿಲ್ಲ. ಮೈಲೋಮ ರೋಗಿಯಲ್ಲಿ ಗಾಯವು ನಿಧಾನವಾಗಿ ಮಾಯುವುದಕ್ಕೆ ಬೇರೆ ಕಾರಣಗಳೂ ಇವೆ: ರಕ್ತಹೀನತೆ, ಒಳ್ಳೆಯ ಪ್ರತಿಕಾಯಗಳ ಅಭಾವದಿಂದ ಸೋಂಕು ತಗಲುವ ಸಂಭವ, ದಿನವೂ ಸೇವಿಸುತ್ತಿರುವ ಸ್ಟೆರಾಯ್ಡು. ಆದುದರಿಂದ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಕಾಯುವುದು ವಾಡಿಕೆ. ಕಾಯುವುದೆಂದರೆ ಮರೆಯುವುದಲ್ಲ. ಇಲ್ಲಿಯೇ ನಮ್ಮವರು ಎಡವುತ್ತಾರೆ. ಹಾಸಿಗೆ ಹಿಡಿದಿದ್ದವನು ವಾಕರ್ ಹಿಡಿದು ನಡೆದದ್ದನ್ನು ಕಂಡ ಮನೆಯವರಿಗೆ, ಲಕ್ಷಗಟ್ಟಲೆ ವೆಚ್ಚಮಾಡಿ ಬೆನ್ನಿಗೆ ರಾಡು ಹಾಕಿಸಿಕೊಂಡು ಬಂದವರಿಗೆ, ಇನ್ನೂ ಏನೋ ಉಳಿದಿದೆಯೆಂದರೆ ನಂಬಿಕೆ ಬರುವುದಿಲ್ಲ. ನಾನು ನೋಡಿದ ಒಬ್ಬರು ಅಡಕೆ ತೋಟದ ಹಿರಿಯರು. ಎದೆಯ ಭಾಗದ ಹತ್ತನೆಯ ಕಶೇರುಕ ಕುಸಿದು ಕಾಲು ಮರಗಟ್ಟಿ, ಶಸ್ತ್ರಕ್ರಿಯೆಯಾಗಿ, ನಡೆದುಕೊಂಡು ಮನೆಗೆ ಹೋದವರು. ಬಯಾಪ್ಸಿಯ ವರದಿ ಬಂದದ್ದು ಅವರು ಊರು ಸೇರಿದ ಮೇಲೆ. ಅದು ಕಡತದಲ್ಲಿಯೇ ಉಳಿಯಿತು. ನಾಲ್ಕು ತಿಂಗಳ ಬಳಿಕ ಮಗನೂ ಅಳಿಯನೂ ಅವರನ್ನು ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ತಂದರು. ಬೆನ್ನಿನ ಗಾಯದ ಗುರುತು ಚೊಕ್ಕವಾಗಿ ಮಾಯ್ದಿತ್ತು. ಎರಡು ಸ್ಕ್ರೂಗಳು ಎಲುಬನ್ನು ಬಿಟ್ಟು ಹೊರಬಂದಿದ್ದವು. ಹೊಕ್ಕುಳಿನಿಂದ ಕೆಳಗೆ ಹತ್ತಿಯಿಂದ ಮುಟ್ಟಿದರೂ ಅವರಿಗೆ ತಿಳಿಯುತ್ತಿರಲಿಲ್ಲ. ವಿಕಿರಣವನ್ನೂ ಔಷಧಿಗಳನ್ನೂ ಕೊಟ್ಟೆವು, ನೋವು ಶಮನವಾಯಿತು, ರೋಗವೂ ಹಿಮ್ಮೆಟ್ಟಿತು, ಕಾಲು ಬರಲಿಲ್ಲ.

ಲೋಹದ ವಿಷಯವನ್ನೂ ಹೇಳಬೇಕು. ಬೆನ್ನಿನಲ್ಲಿ ಟೈಟೇನಿಯಂ ಇರುವಾಗ ವಿಕಿರಣ ಕೊಡಬಹುದೆ, ಅದು ಕಾಯುವುದಿಲ್ಲವೆ ಎಂದು ಅನೇಕರು ಕೇಳುತ್ತಾರೆ. ಅದು ಕಾಯುವುದಿಲ್ಲ, ವಿಕಿರಣಕ್ಕೆ ಅಡ್ಡಿಯೂ ಅಲ್ಲ. ತೊಂದರೆಯು ಬೇರೆ ಕಡೆಯಿದೆ: ಯೋಜನೆಗಾಗಿ ತೆಗೆಯುವ ಸಿ.ಟಿ. ಚಿತ್ರದಲ್ಲಿ ಲೋಹದ ಸುತ್ತ ಪಟ್ಟೆಪಟ್ಟೆಯಾಗಿ ಮಸುಕು ಹರಡಿ, ಹುರಿಯೆಲ್ಲಿ, ಗಡ್ಡೆಯೆಲ್ಲಿ ಎಂದು ಗುರುತಿಸುವುದು ಕಷ್ಟವಾಗುತ್ತದೆ. ಲೋಹದ ಹಿಂದೆ ಮುಂದೆ ಕಿರಣಗಳು ಚದರುವುದರಿಂದ ಪ್ರಮಾಣದ ಲೆಕ್ಕವೂ ಸ್ವಲ್ಪ ಏರುಪೇರಾಗುತ್ತದೆ. ಕಾರ್ಬನ್ ನಾರಿನಿಂದ ಮಾಡಿದ ಸ್ಕ್ರೂ ರಾಡುಗಳು ಈಗ ಬಂದಿದ್ದು, ಅವುಗಳಿಂದ ಈ ಮಸುಕು ಬಹಳ ಕಡಮೆ. ಆದರೆ ಅವುಗಳ ಬೆಲೆ ಹೆಚ್ಚು. ಇದಕ್ಕಿಂತ ಸುಲಭವಾದ, ವೆಚ್ಚವಿಲ್ಲದ ಉಪಾಯವೊಂದಿದೆ. ಶಸ್ತ್ರಕ್ರಿಯೆಗೆ ಮುಂಚೆ ತೆಗೆದ ಎಂ.ಆರ್.ಐ. ಚಿತ್ರದಲ್ಲಿ ಗಡ್ಡೆಯು ಎಲ್ಲಿಯವರೆಗೆ ಹಬ್ಬಿತ್ತೆಂಬುದು ಸ್ಪಷ್ಟವಾಗಿರುತ್ತದೆ. ನಾವು ಕಿರಣವನ್ನು ಹಾಯಿಸುವ ಎಲ್ಲೆಯನ್ನು ಗೊತ್ತುಮಾಡುವುದು ಆ ಚಿತ್ರವನ್ನು ಅವಲಂಬಿಸಿಯೇ. ಆಪರೇಷನ್ ಆಯಿತಲ್ಲ, ಇನ್ನು ಹಳೆಯ ಫಿಲಂ ಏಕೆಂದು ಅದನ್ನು ಮನೆಯಲ್ಲಿ ಅಟ್ಟಕ್ಕೆ ಹಾಕಿ ಬರುವವರಿದ್ದಾರೆ. ದಯಮಾಡಿ ಅದನ್ನು ತನ್ನಿ, ಸಿ.ಡಿ. ಇದ್ದರೆ ಅದನ್ನೂ ತನ್ನಿ.

ವಿಕಿರಣವು ಎಲ್ಲರಿಗೂ ಬೇಕೆಂದು ನಾನು ವಾದಿಸುತ್ತಿಲ್ಲ. ಹಾಗೆ ವಾದಿಸಿದರೆ ನನ್ನ ವಿಭಾಗದ ಮೇಲಣ ಅಭಿಮಾನಕ್ಕಾಗಿ ಶಾಸ್ತ್ರವನ್ನು ಬಲಿಕೊಟ್ಟಂತಾದೀತು. ಮೆಲ್ಫಲಾನ್ ಎಂಬ ಔಷಧಿಯನ್ನು ಸ್ಟೆರಾಯ್ಡಿನೊಡನೆ ಕೊಡುತ್ತಿದ್ದುದರ ಹೊರತು ಬೇರೆ ಆಸರೆಯಿಲ್ಲದಿದ್ದ ಕಾಲವು ಹಿಂದಾಯಿತು. ಥಾಲಿಡೊಮೈಡ್, 2003ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆದ ಬೊರ್ಟೆಜೊಮಿಬ್, ಲೆನಲಿಡೊಮೈಡ್, 2015ರ ಡಾರಟುಮುಮಾಬ್ ಮೊದಲಾದುವು ಬಂದಮೇಲೆ ರೋಗವು ಇಡೀ ದೇಹದಲ್ಲಿ ತ್ವರಿತವಾಗಿ ಹಿಮ್ಮೆಟ್ಟುತ್ತದೆ. ಶಸ್ತ್ರಕ್ರಿಯೆಯಿಂದ ಹುರಿಯು ಪೂರ್ಣವಾಗಿ ಬಿಡುಗಡೆಯಾಗಿದ್ದು, ನೋವಿಲ್ಲದೆ, ಔಷಧಿಗೆ ಹೊಸಬನಾದ ರೋಗಿಯಲ್ಲಿ ವಿಕಿರಣವನ್ನು ತಡೆದು ಔಷಧಿಯ ಪರಿಣಾಮವನ್ನು ನೋಡುವುದು ಸಮಂಜಸವಾದ ಮಾರ್ಗವೇ. ಹುರಿಯ ಸುತ್ತ ಗಡ್ಡೆ ಉಳಿದಿದ್ದರೆ, ನೋವು ಹೋಗದಿದ್ದರೆ, ರೋಗವು ಔಷಧಿಗಳನ್ನು ಮೀರಿದ್ದರೆ, ಅಥವಾ ಒಂಟಿ ಪ್ಲಾಸ್ಮಾಸೈಟೋಮವಾಗಿದ್ದರೆ ವಿಕಿರಣವನ್ನು ಬಿಡಬಾರದು. ಈ ವಿಷಯದಲ್ಲಿ ನಮಗಿರುವ ಆಧಾರಗಳು ಹೆಚ್ಚಾಗಿ ಹಿಂದಿನ ಕಡತಗಳನ್ನು ತೆರೆದು ನೋಡಿ ಬರೆದ ಅಧ್ಯಯನಗಳು. ಆದಕಾರಣ ಒಬ್ಬೊಬ್ಬ ರೋಗಿಯ ವಿಷಯದಲ್ಲಿಯೂ ಶಸ್ತ್ರವೈದ್ಯ, ವಿಕಿರಣ ವೈದ್ಯ, ರಕ್ತರೋಗ ತಜ್ಞ ಈ ಮೂವರೂ ಒಟ್ಟಿಗೆ ಕುಳಿತು ನಿರ್ಣಯಿಸಬೇಕಾಗುತ್ತದೆ. ವಿಕಿರಣ ಬೇಡವೆಂಬ ನಿರ್ಣಯವೂ ಒಂದು ನಿರ್ಣಯವೇ. ಆದರೆ ಅದು ವಿಚಾರಮಾಡಿ ಬಂದದ್ದಾಗಿರಬೇಕು, ಯಾರೂ ಕೇಳದೆ ಉಳಿದುದರಿಂದ ಆದದ್ದಾಗಿರಬಾರದು.

ಮಿತವಾಗಿ ಕೊಡಬೇಕೆಂಬುದಕ್ಕೆ ಮತ್ತೊಂದು ಕಾರಣವಿದೆ. ಕಶೇರುಕಗಳು ಮಜ್ಜೆಯ ಮುಖ್ಯವಾದ ನೆಲೆಗಳೆಂದು ಮೊದಲೇ ಹೇಳಿದೆ. ರೋಗಿಯ ಕಾಂಡಕೋಶಗಳನ್ನು ತೆಗೆದಿಟ್ಟು, ಹೆಚ್ಚಿನ ಪ್ರಮಾಣದ ಮೆಲ್ಫಲಾನನ್ನು ಕೊಟ್ಟು, ಆ ಕೋಶಗಳನ್ನು ಮತ್ತೆ ಅವನಿಗೇ ಸೇರಿಸುವ ಚಿಕಿತ್ಸೆಯು ತಕ್ಕ ವಯಸ್ಸಿನವರಿಗೆ ಇಂದು ರೂಢಿಯಲ್ಲಿದೆ. ಅದಕ್ಕೆ ಮುಂಚೆಯೇ ಬೆನ್ನುಗಂಬದ ಉದ್ದಕ್ಕೂ ವಿಕಿರಣ ಕೊಟ್ಟು ಮಜ್ಜೆಯನ್ನು ಬರಿದುಮಾಡಿದರೆ ಕೋಶಗಳು ಸಾಕಷ್ಟು ದೊರೆಯವು. ಹಿಂದೆ ರೋಗವಿರುವ ಕಶೇರುಕದ ಮೇಲೆ ಒಂದೆರಡು, ಕೆಳಗೆ ಒಂದೆರಡು ಕಶೇರುಕಗಳನ್ನು ಸೇರಿಸಿಕೊಳ್ಳುವುದು ಪದ್ಧತಿಯಾಗಿತ್ತು. ಈಗ ರೋಗವಿದ್ದ ಎಡೆಗೆ ಸಣ್ಣ ಅಂಚನ್ನು ಮಾತ್ರ ಬಿಟ್ಟು ಉಳಿದುದನ್ನು ಉಳಿಸುವುದು ಮೇಲೆಂದು ಗಣಿಸಲಾಗಿದೆ.

ಚಿಕಿತ್ಸೆಯ ಕೊಠಡಿಯ ವಿಷಯದಲ್ಲಿ ಜನರಿಗೆ ಭಯವುಂಟು. ಕರೆಂಟು ಕೊಡುತ್ತಾರೆ, ಮೈ ಸುಟ್ಟುಹೋಗುತ್ತದೆ ಎಂದು ಹಳ್ಳಿಗಳಲ್ಲಿ ಹೇಳಿಕೊಳ್ಳುವುದನ್ನು ಕೇಳಿದ್ದೇನೆ. ನಡೆಯುವುದು ಇಷ್ಟು. ಮೊದಲು ಸಿ.ಟಿ. ಯಂತ್ರದಲ್ಲಿ ಮಲಗಿಸಿ ಚಿತ್ರ ತೆಗೆದು, ಚರ್ಮದ ಮೇಲೆ ಶಾಯಿಯಿಂದಲೋ ಹಚ್ಚೆಯ ಚುಕ್ಕೆಯಿಂದಲೋ ಗುರುತುಗಳನ್ನು ಹಾಕುತ್ತಾರೆ. ಶಾಯಿಯ ಗುರುತನ್ನು ಸ್ನಾನದಲ್ಲಿ ಉಜ್ಜಿ ಅಳಿಸಬಾರದು. ಕತ್ತಿನ ಕಶೇರುಕವಾದರೆ ಬಿಸಿನೀರಿನಲ್ಲಿ ಮೆತ್ತಗಾದ ಪ್ಲಾಸ್ಟಿಕ್ ಜಾಲರಿಯನ್ನು ಮುಖಕ್ಕೆ ಹೊದಿಸಿ ಅಚ್ಚು ತೆಗೆಯುತ್ತಾರೆ. ಬಳಿಕ ದಿನವೂ ದಪ್ಪ ಬಾಗಿಲಿನ ಕೊಠಡಿಯಲ್ಲಿ ಲೀನಿಯರ್ ಆಕ್ಸಿಲರೇಟರ್ ಅಥವಾ ಕೋಬಾಲ್ಟ್ ಯಂತ್ರದ ಕೆಳಗೆ ರೋಗಿಯನ್ನು ಮಲಗಿಸಿ, ಗೋಡೆಗಳಿಂದ ಬೀಳುವ ಲೇಸರ್ ಬೆಳಕಿನ ಗೆರೆಗಳನ್ನು ಆ ಚುಕ್ಕೆಗಳಿಗೆ ಹೊಂದಿಸಿ, ತಂತ್ರಜ್ಞರು ಹೊರಕ್ಕೆ ಬಂದು ಕ್ಯಾಮೆರಾದಲ್ಲಿ ನೋಡುತ್ತಿರುತ್ತಾರೆ. ಬೆನ್ನಿಗೆ ಹೊಸದಾಗಿ ರಾಡು ಹಾಕಿಸಿಕೊಂಡವರಿಗೆ ಆ ಗಟ್ಟಿ ಹಲಗೆಯ ಮೇಲೆ ಅಲುಗದೆ ಮಲಗುವುದೇ ಕಷ್ಟ. ಅದಕ್ಕಾಗಿ ಅರ್ಧ ಗಂಟೆಗೆ ಮುಂಚೆ ನೋವಿನ ಔಷಧಿಯನ್ನು ಕೊಟ್ಟಿರಬೇಕು. ಕಿರಣವು ಹಾಯುವಾಗ ರೋಗಿಗೆ ಏನೂ ತಿಳಿಯುವುದಿಲ್ಲ. ಎದೆಯ ಭಾಗದ ಕಶೇರುಕವಾದರೆ ಎರಡನೆಯ ವಾರದಲ್ಲಿ ನುಂಗುವಾಗ ಸ್ವಲ್ಪ ಉರಿ, ಸೊಂಟದ ಭಾಗವಾದರೆ ಓಕರಿಕೆ, ಬೇಧಿ, ಎಲ್ಲರಿಗೂ ಆಯಾಸ; ಮೊದಲ ಎರಡು ಮೂರು ದಿನ ಕೆಲವರಿಗೆ ನೋವು ಹೆಚ್ಚಾಗುವುದೂ ಉಂಟು, ಅದು ತಾನಾಗಿಯೇ ಇಳಿಯುತ್ತದೆ. ಎಲುಬನ್ನು ಗಟ್ಟಿಗೊಳಿಸಲು ಕೊಡುವ ಜೊಲೆಡ್ರೊನಿಕ್ ಆಸಿಡಿಗೆ ಮುಂಚೆ ಹಲ್ಲುಗಳನ್ನು ತೋರಿಸಿಕೊಂಡು ಹುಳುಕಿದ್ದರೆ ಸರಿಪಡಿಸಿಕೊಳ್ಳಬೇಕು. ಇಲ್ಲದಿದ್ದರೆ ಮುಂದೆ ಹಲ್ಲು ಕೀಳಿಸಿದಾಗ ದವಡೆಯ ಎಲುಬು ಕೊಳೆಯುವ ಅಪಾಯವಿದೆ.

ಹತ್ತು ಕಂತೆಂದರೆ ಶನಿವಾರ ಭಾನುವಾರಗಳನ್ನು ಬಿಟ್ಟು ಎರಡು ವಾರ. ಬೀದರಿನಿಂದಲೋ ಚಾಮರಾಜನಗರದ ಕಾಡಂಚಿನಿಂದಲೋ ಬಂದ ಕುಟುಂಬಕ್ಕೆ ಈ ಎರಡು ವಾರ ಸಣ್ಣದಲ್ಲ. ನೋಡಿಕೊಳ್ಳುವವನ ಕೂಲಿ ಹೋಗುತ್ತದೆ, ಧರ್ಮಶಾಲೆಯಲ್ಲಿ ಜಾಗ ಸಿಗಬೇಕಾಗುತ್ತದೆ. ನೋವಿಗಾಗಿ ಮಾತ್ರ ಚಿಕಿತ್ಸೆಯಾಗುವಲ್ಲಿ, ಒಂದೇ ಕಂತಿನ 8 ಗ್ರೇ ಸಾಕೆಂದು ಶಾಸ್ತ್ರವೇ ಹೇಳುವಾಗ, ಅಂಥವರನ್ನು ಹತ್ತು ದಿನ ಅಲೆದಾಡಿಸುವುದು ತರವಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಆದರೆ ಬೆನ್ನುಹುರಿಯ ಒತ್ತಡವಿದ್ದವರಲ್ಲಿ ದೀರ್ಘವಾದ ಕ್ರಮದಿಂದ ಕಾಲಿನ ಶಕ್ತಿ ಹೆಚ್ಚು ಚೆನ್ನಾಗಿ ಮರಳುತ್ತದೆಂದು ಅಧ್ಯಯನಗಳು ತೋರಿಸಿರುವುದರಿಂದ, ಅವರಿಗೆ ಎರಡು ವಾರದ ಈ ಕಷ್ಟವನ್ನು ಸಹಿಸಿಕೊಳ್ಳಿರೆಂದೇ ಹೇಳಬೇಕು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯು 1973ರಿಂದ ನಾಡಿನ ಬಡರೋಗಿಗಳ ಆಸರೆಯಾಗಿದೆ; ಕಲಬುರಗಿಯಲ್ಲಿ ಅದರ ಶಾಖಾಕೇಂದ್ರವಿದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆಗೆ ನೆರವುಂಟು. ಪಡಿತರ ಚೀಟಿಯನ್ನೂ ಆಧಾರ್ ಚೀಟಿಯನ್ನೂ ಮೊದಲ ದಿನವೇ ಜೊತೆಯಲ್ಲಿ ತಂದರೆ ಒಂದು ಓಡಾಟ ತಪ್ಪುತ್ತದೆ.

ಕಡೆಯದಾಗಿ, ಶಸ್ತ್ರವೈದ್ಯರಾದ ನನ್ನ ಮಿತ್ರರಲ್ಲಿ ಒಂದು ವಿಜ್ಞಾಪನೆ. ಮೈಲೋಮವೆಂಬ ಸಂಶಯವಿರುವ ರೋಗಿಯನ್ನು ಮನೆಗೆ ಕಳುಹಿಸುವ ಪತ್ರದಲ್ಲಿ "ವಿಕಿರಣ ವೈದ್ಯರನ್ನು ಕಾಣುವುದು" ಎಂದಷ್ಟೇ ಬರೆಯದೆ, ಯಾವ ಆಸ್ಪತ್ರೆ, ಯಾವ ತಾರೀಕು ಎಂಬುದನ್ನು ಕನ್ನಡದಲ್ಲಿ ಬರೆದುಕೊಡಿ. ಬಯಾಪ್ಸಿಯ ವರದಿ ಬಂದ ದಿನ ರೋಗಿಯ ಮನೆಗೆ ಫೋನು ಮಾಡುವ ಹೊಣೆಯನ್ನು ನಿಮ್ಮ ವಾರ್ಡಿನ ಒಬ್ಬರಿಗೆ ಹೆಸರು ಹಿಡಿದು ವಹಿಸಿ. ಮನೆಯವರಲ್ಲಿಯೂ ಒಂದು ಬೇಡಿಕೆಯಿದೆ. ಬೆನ್ನಿಗೆ ಶಸ್ತ್ರಕ್ರಿಯೆಯಾದವರು ನಿಮ್ಮ ಮನೆಯಲ್ಲಿದ್ದರೆ ತೆಗೆದ ಎಲುಬಿನ ಪರೀಕ್ಷೆಯಲ್ಲಿ ಏನು ಬಂತೆಂದು ಕೇಳಿ ತಿಳಿದುಕೊಳ್ಳಿ, ವರದಿಯ ಪ್ರತಿಯನ್ನು ಇಟ್ಟುಕೊಳ್ಳಿ. ಕಾಲು ಜೋಮು ಹಿಡಿದರೆ, ನಡೆಯುವಾಗ ತಡವರಿಸಿದರೆ, ಮೂತ್ರ ಕಟ್ಟಿದರೆ ಬೆಳಗಾಗಲೆಂದು ಕಾಯದೆ ಅಂದಿನ ರಾತ್ರಿಯೇ ಹೊರಟುಬನ್ನಿ.